ತೆರೆದ ರಥದ ಒಡೆತನ

ಒಂದು ವಸ್ತುವನ್ನು ಪಡೆಯುವುದಕ್ಕೂ ಅದರ ಒಡೆಯನಾಗುವುದಕ್ಕೂ ನಡುವೆ ಏನಾದರೂ ಅಂತರವುಂಟೆ? ಹಣವನ್ನು ತೆತ್ತು ಪತ್ರವನ್ನು ಬರೆಯಿಸಿಕೊಂಡ ಕ್ಷಣದಲ್ಲಿಯೇ ಒಡೆತನವು ಸಿದ್ಧಿಸಿತೆಂದು ವ್ಯವಹಾರಸ್ಥರು ಹೇಳುವರು. ನ್ಯಾಯಸ್ಥಾನದಲ್ಲಿ ಆ ಮಾತು ನಿಲ್ಲುವುದು. ಮನಸ್ಸಿನಲ್ಲಿಯೂ ನಿಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಹೊಲ, ಮನೆ, ಹಸು, ಪಾತ್ರೆ ಮೊದಲಾದ ಆವಶ್ಯಕ ವಸ್ತುಗಳ ವಿಷಯದಲ್ಲಿ ಈ ಪ್ರಶ್ನೆಯು ಅಷ್ಟಾಗಿ ತಲೆಯೆತ್ತದು. ಅವುಗಳ ದಿನದಿನದ ಉಪಯೋಗವೇ ಒಡೆತನಕ್ಕೆ ಸಾಕ್ಷಿ. ಆವಶ್ಯಕತೆಯ ಎಲ್ಲೆಯನ್ನು ಬಹುದೂರ ದಾಟಿದ ವಸ್ತುವೊಂದನ್ನು ಎದುರಿಗಿಟ್ಟುಕೊಂಡಾಗ ಮಾತ್ರ ಪ್ರಶ್ನೆಯ ಮೊನೆ ತಿಳಿಯುವುದು. ಇಂಗ್ಲೆಂಡಿನಲ್ಲಿ ತಯಾರಾಗುವ ಬೆಂಟ್ಲಿ ಕಾಂಟಿನೆಂಟಲ್ ಎಂಬ, ಚಾವಣಿಯನ್ನು ತೆರೆದು ಮುಚ್ಚಬಹುದಾದ ಮೋಟಾರು ಗಾಡಿಯು ಅಂಥದೊಂದು ವಸ್ತು.

ಈ ಜಾತಿಯ ಗಾಡಿಗಳಿಗೆ ‘ಗ್ರಾಂಡ್ ಟೂರರ್’ ಎಂದು ಹೆಸರು. ಆ ಹೆಸರಿನ ಹಿಂದೆ ಒಂದು ಚರಿತ್ರೆಯಿದೆ. ಹದಿನೇಳನೆಯ ಹಾಗೂ ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ತಮ್ಮ ಶಿಕ್ಷಣದ ಕೊನೆಯ ಅಂಗವಾಗಿ, ಉಪಾಧ್ಯಾಯನೊಬ್ಬನನ್ನು ಜೊತೆಗೆ ಕರೆದುಕೊಂಡು ಫ್ರಾನ್ಸು, ಇಟಲಿ ಮೊದಲಾದ ದೇಶಗಳನ್ನು ಸುತ್ತಿ ಬರುತ್ತಿದ್ದರು. ಅದಕ್ಕೆ ‘ಗ್ರಾಂಡ್ ಟೂರ್’, ಎಂದರೆ ಮಹಾಪರ್ಯಟನವೆಂಬ ಹೆಸರಾಯಿತು. ರಿಚರ್ಡ್ ಲಾಸೆಲ್ಸ್ ಎಂಬ ಪಾದ್ರಿಯು ಇಟಲಿಯನ್ನು ಕುರಿತು ಬರೆದು, 1670ರಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ ಈ ಮಾತು ಬಂದಿದೆ. ಆಲ್ಪ್ಸ್ ಪರ್ವತದ ಮಾಂ ಸೆನಿ ಘಟ್ಟವನ್ನು ದಾಟುವಾಗ ಗಾಡಿಯನ್ನು ಭಾಗ ಭಾಗವಾಗಿ ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು. ಪ್ರಯಾಣಿಕನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಆಳುಗಳು ಹೊತ್ತೊಯ್ಯುತ್ತಿದ್ದರು. ಅಲ್ಲಿ ಪರ್ಯಟನವು ಸಾಧ್ಯ, ಗಾಡಿಯು ಬರಿಯ ಸಾಧನ. ಇಪ್ಪತ್ತನೆಯ ಶತಮಾನದಲ್ಲಿ ಆ ಹೆಸರು ಪ್ರಯಾಣವನ್ನು ಬಿಟ್ಟು ಗಾಡಿಗೆ ಅಂಟಿಕೊಂಡಿತು. ಹೆಸರು ಸಾಧ್ಯದಿಂದ ಸಾಧನಕ್ಕೆ ಜಾರಿದ ಈ ಸಣ್ಣ ಸಂಗತಿಯಲ್ಲಿ ಮುಂದಿನ ವಿಚಾರದ ಬೀಜವಿದೆ.

ವಾಲ್ಟರ್ ಓವೆನ್ ಬೆಂಟ್ಲಿ ಎಂಬಾತನು 1919ರಲ್ಲಿ ತನ್ನ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದನು. 1931ರಲ್ಲಿ ಅದು ರೋಲ್ಸ್ ರಾಯ್ಸ್ ಸಂಸ್ಥೆಯ ವಶವಾಯಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1946ರಿಂದ, ಕ್ರೂ ಎಂಬ ಊರಿನಲ್ಲಿ ಗಾಡಿಗಳ ತಯಾರಿಕೆ ಮೊದಲಾಯಿತು. ‘ಕಾಂಟಿನೆಂಟಲ್’ ಎಂಬ ಹೆಸರಿನ ಪ್ರಸಿದ್ಧ ಗಾಡಿಯೊಂದು 1952ರಲ್ಲಿ ಹೊರಬಂದಿತು. ಯೂರೋಪು ಖಂಡದ ಉದ್ದುದ್ದ ಹಾದಿಗಳನ್ನು ಆಯಾಸವಿಲ್ಲದೆ ಕ್ರಮಿಸುವುದು ಅದರ ಉದ್ದೇಶವಾಗಿದ್ದಿತು. 1998ರಲ್ಲಿ ಸಂಸ್ಥೆಯು ಜರ್ಮನಿಯ ಫೋಕ್ಸ್‌ವ್ಯಾಗನ್ನಿನವರ ಕೈಸೇರಿದ ಮೇಲೆ 2003ರಲ್ಲಿ ಹೊಸ ಕಾಂಟಿನೆಂಟಲ್ಲೂ, 2006ರಲ್ಲಿ ಅದರ ತೆರೆದ ರೂಪವೂ ಬಂದುವು. ಆರು ಲೀಟರಿನ, ಹನ್ನೆರಡು ಸಿಲಿಂಡರುಗಳ ಆ ಯಂತ್ರದ ಶಕ್ತಿ 552 ಅಶ್ವಬಲ. ಪರಮವೇಗವು ಗಂಟೆಗೆ 300 ಕಿಲೋಮೀಟರಿಗೂ ಮೇಲೆ. 2024ರಲ್ಲಿ ಹನ್ನೆರಡು ಸಿಲಿಂಡರಿನ ಯಂತ್ರದ ತಯಾರಿಕೆಯು ನಿಂತು, ಪೆಟ್ರೋಲಿನೊಡನೆ ವಿದ್ಯುತ್ತನ್ನೂ ಬಳಸುವ ಎಂಟು ಸಿಲಿಂಡರಿನ ಯಂತ್ರವು ಅದರ ಸ್ಥಾನಕ್ಕೆ ಬಂದಿತು. ಹೊಸ ಗಾಡಿಯ ಬೆಲೆಯು ಇಂಗ್ಲೆಂಡಿನಲ್ಲಿ ಎರಡು ಲಕ್ಷ ಪೌಂಡುಗಳನ್ನು ಮೀರಿದುದು.

ಇಂಥ ಗಾಡಿಯನ್ನು ಬಯಸುವವನ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳಬೇಕು. ಆತನು ಹೇಳುವುದೇನೆಂದರೆ: ಸೌಂದರ್ಯವು ಪಾಪವಲ್ಲ. ಅಕ್ರೋಟಿನ ಮರದ ಹಲಗೆಯನ್ನು ಕಾಗದದಂತೆ ತೆಳ್ಳಗೆ ಸೀಳಿ, ಎಡಬಲಗಳ ಗೆರೆಗಳು ಒಂದಕ್ಕೊಂದು ಪ್ರತಿಬಿಂಬದಂತೆ ಕೂಡುವ ಹಾಗೆ ಜೋಡಿಸುವ ಬಡಗಿಯೂ, ಚಕ್ರದ ಹಿಡಿಗೆ ಕೈಯಿಂದಲೇ ತೊಗಲನ್ನು ಹೊಲಿಯುವ ಕೆಲಸಗಾತಿಯೂ ತಮ್ಮ ವಿದ್ಯೆಯನ್ನು ಉಳಿಸಿಕೊಂಡಿರುವುದು ಕೊಳ್ಳುವವರಿರುವುದರಿಂದಲೇ. ರಾಜರಿಲ್ಲದಿದ್ದರೆ ದೇವಾಲಯಗಳ ಶಿಲ್ಪಿಗಳಿಗೆ ಅನ್ನವೆಲ್ಲಿತ್ತು? ಇನ್ನು ಪ್ರಯಾಣದ ಸುಖವನ್ನು ನೋಡಿರಿ. ಮುಚ್ಚಿದ ಗಾಡಿಯಲ್ಲಿ ಕುಳಿತವನಿಗೆ ಪರ್ವತವು ಕಿಟಕಿಯ ಚೌಕಟ್ಟಿನಲ್ಲಿ ಕಾಣುವ ಚಿತ್ರ; ಚಾವಣಿಯನ್ನು ತೆರೆದವನಿಗೆ ಅದೇ ಪರ್ವತವು ತಲೆಯ ಮೇಲೆ ನಿಲ್ಲುವುದು. ಕೊಯ್ದ ಹುಲ್ಲಿನ ವಾಸನೆ, ಗಂಟೆಯ ನಾದ, ಇಳಿಹೊತ್ತಿನ ತಂಪು ಇವೆಲ್ಲ ಪ್ರಯಾಣಿಕನನ್ನು ಸೇರುವುವು. ಕೊನೆಯದಾಗಿ, ಮೂವತ್ತು ವರ್ಷ ಧರ್ಮದಿಂದ ದುಡಿದು, ಮಕ್ಕಳನ್ನು ದಡ ಸೇರಿಸಿ, ಸಾಲವಿಲ್ಲದೆ ಉಳಿದವನು ತನ್ನ ಪತ್ನಿಯೊಡನೆ ಇಷ್ಟು ಸುಖವನ್ನು ಬಯಸಿದರೆ ಯಾರಿಗೆ ಏನು ನಷ್ಟ?

ಈ ಪಕ್ಷವು ದುರ್ಬಲವಲ್ಲ. ಭೋಗವನ್ನು ಕಂಡೊಡನೆ ಹುಬ್ಬು ಗಂಟಿಕ್ಕುವುದು ವೈರಾಗ್ಯವಲ್ಲ. ಬಹುಕಾಲ ಅದು ಅಸೂಯೆಯ ವೇಷಾಂತರ. ಆದರೆ ವಾದಿಯ ಮೂರು ಮಾತುಗಳಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕು. ಶಿಲ್ಪಿಗೆ ಅನ್ನ ದೊರೆಯುವುದು ಕೊಳ್ಳುವಿಕೆಯ ಫಲವೇ ಹೊರತು ಕೊಳ್ಳುವವನ ಸಂಕಲ್ಪವಲ್ಲ. ಬೇರೊಂದು ಉದ್ದೇಶದಿಂದ ಮಾಡಿದ ಕಾರ್ಯಕ್ಕೆ ಪರೋಪಕಾರದ ಹೆಸರನ್ನು ಹಿಂದಿನಿಂದ ಅಂಟಿಸಿಕೊಳ್ಳಲಾಗದು. ಯಾರಿಗೂ ನಷ್ಟವಿಲ್ಲವೆಂಬ ಮಾತೂ ಪೂರ್ಣಸತ್ಯವಲ್ಲ. ಸುಮಾರು ಎರಡೂವರೆ ಟನ್ ಭಾರದ ಗಾಡಿಯನ್ನು ಇಬ್ಬರ ಸಂತೋಷಕ್ಕಾಗಿ ಓಡಿಸಿದಾಗ ಉರಿದ ಎಣ್ಣೆಯ ಹೊಗೆಯು ಆ ಇಬ್ಬರ ತಲೆಯ ಮೇಲೆಯೇ ನಿಲ್ಲುವುದಿಲ್ಲ. ಉಳಿಯುವುದು ಪ್ರಯಾಣಸುಖದ ಮಾತು. ಅದನ್ನು ಗಾಡಿಯ ರಚನೆಯಲ್ಲಿಯೇ ಪರೀಕ್ಷಿಸಬಹುದು.

ಮುಚ್ಚಿದ ಗಾಡಿಯಲ್ಲಿ ಚಾವಣಿಯು ಬರಿಯ ಹೊದಿಕೆಯಲ್ಲ. ಗಾಡಿಯ ಮೈಯನ್ನು ಬಿಗಿದು ಹಿಡಿಯುವ ಕಟ್ಟು. ಅದನ್ನು ತೆಗೆದೊಡನೆ ಮೈಯೆಲ್ಲ ಸಡಿಲಾಗುವುದು. ಆದುದರಿಂದ ತಳಭಾಗವನ್ನೂ ಮುಂದಿನ ಗಾಜಿನ ಕಂಬಗಳನ್ನೂ ಮತ್ತಷ್ಟು ಬಲಪಡಿಸಬೇಕು. ಬಟ್ಟೆಯ ಚಾವಣಿಯನ್ನು ಮಡಿಸಿ ಬಿಡಿಸಲು ಬೇರೆ ಯಂತ್ರವನ್ನೇ ಇಡಬೇಕು. 2018ರ ಕೊನೆಯಲ್ಲಿ ಪ್ರಕಟಿಸಲ್ಪಟ್ಟ ತೆರೆದ ಕಾಂಟಿನೆಂಟಲ್ಲು, ಅದೇ ಪೀಳಿಗೆಯ ಮುಚ್ಚಿದ ಗಾಡಿಗಿಂತ ಸುಮಾರು 170 ಕಿಲೋಗ್ರಾಂ ಹೆಚ್ಚು ಭಾರವಾಗಿದ್ದಿತು. ಸಾಮಾನಿಡುವ ಹಿಂಬದಿಯ ಗೂಡು 358 ಲೀಟರಿನಿಂದ 235 ಲೀಟರಿಗೆ ಇಳಿದಿದ್ದಿತು. ದೂರಪ್ರಯಾಣಕ್ಕೆಂದು ಹುಟ್ಟಿದ ಗಾಡಿಯಲ್ಲಿ ಪ್ರಯಾಣದ ಪೆಟ್ಟಿಗೆಗೇ ಇಕ್ಕಟ್ಟು! ಗಾಡಿಯು ಮೆಲ್ಲನೆ ಓಡುತ್ತಿರುವಾಗಲೂ ಹತ್ತೊಂಬತ್ತು ಸೆಕೆಂಡುಗಳಲ್ಲಿ ಆ ಚಾವಣಿಯು ತೆರೆಯುವುದು. ತೆರೆದ ಮೇಲೆ ಬೀಸುವ ಚಳಿಗಾಳಿಯು ಬಾಧಿಸದಂತೆ ಕುತ್ತಿಗೆಗೆ ಬಿಸಿಗಾಳಿಯನ್ನು ಊದುವ ಏರ್ಪಾಡು ಪೀಠದಲ್ಲಿಯೇ ಇದೆ. ಆಕಾಶವು ಬೇಕು, ಆಕಾಶದ ಚಳಿ ಬೇಡ. ಮನೆಯನ್ನು ಬಿಟ್ಟು ಹೊರಡಬೇಕು, ಮನೆಯ ಬೆಚ್ಚನೆಯನ್ನು ಬಿಡಲಾಗದು. ಎರಡನ್ನೂ ಒಟ್ಟಿಗೆ ಬಯಸುವವನು ತೆರುವ ಬೆಲೆಯೇ ಈ ಭಾರ. ಏನನ್ನೋ ತೊರೆದಂತೆ ಕಾಣುವ ಕಡೆಯಲ್ಲಿಯೇ ಸಂಗ್ರಹವು ಹೆಚ್ಚಿತೆಂದಾಯಿತು. ಎತ್ತಿನ ಗಾಡಿಯ ಹುಲ್ಲಿನ ಮೇಲೆ ಅಂಗಾತನಾಗಿ ಮಲಗಿ ಊರಿಗೆ ಮರಳುವ ರೈತನಿಗೆ ಅದೇ ಆಕಾಶವು ಬಿಟ್ಟಿಯಾಗಿ ದೊರೆಯುತ್ತದೆ. ಆದರೆ ಮಳೆಯೂ ಅವನಿಗೆ ಬಿಟ್ಟಿಯಾಗಿಯೇ ದೊರೆಯುತ್ತದೆಂಬುದನ್ನು ಮರೆಯಲಾಗದು.

ಈಗ ಒಡೆತನದ ಪ್ರಶ್ನೆಗೆ ಬರಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು, ‘ಸ್ವತ್ವ’ವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದಲ್ಲ, ಲೋಕವ್ಯವಹಾರದಿಂದಲೇ ಸಿದ್ಧವಾದುದೆಂದು ಸ್ಥಾಪಿಸಿದನು. ಇಷ್ಟ ಬಂದಂತೆ ವಿನಿಯೋಗಿಸಲು ಯೋಗ್ಯವಾದುದೇ ‘ಸ್ವ’ವೆಂಬುದು ಶಾಸ್ತ್ರಜ್ಞರಲ್ಲಿ ಪ್ರಸಿದ್ಧವಾದ ನಿರ್ಣಯ. ಈ ಲಕ್ಷಣವನ್ನು ಪ್ರಕೃತ ಗಾಡಿಗೆ ಹೊಂದಿಸಿ ನೋಡೋಣ. ಗಂಟೆಗೆ ಮುನ್ನೂರು ಕಿಲೋಮೀಟರು ಓಡಬಲ್ಲ ಗಾಡಿಯ ಒಡೆಯನು ಇಂಗ್ಲೆಂಡಿನ ಅತ್ಯುತ್ತಮವಾದ ರಸ್ತೆಯಲ್ಲಿಯೂ 70 ಮೈಲಿ, ಎಂದರೆ ಸುಮಾರು 112 ಕಿಲೋಮೀಟರು, ದಾಟುವಂತಿಲ್ಲ. 1965ರಿಂದ ಅಲ್ಲಿ ಅದು ಕಟ್ಟಳೆ. ಹಾಗಾದರೆ ಅವನ ಸ್ವತ್ವಕ್ಕೆ ಕುಂದಾಯಿತೆ? ಇಲ್ಲ. ಶಾಸನವು ವಿನಿಯೋಗಕ್ಕೆ ಮೇರೆಯನ್ನು ಹಾಕಬಹುದು. ಅಷ್ಟರಿಂದ ವಸ್ತುವು ಪರಾಧೀನವಾಗದು. ಕತ್ತಿಯನ್ನು ಹೊಂದಿದವನು ಕಂಡವರನ್ನು ಕಡಿಯಲಾಗದೆಂದ ಮಾತ್ರಕ್ಕೆ ಕತ್ತಿಯು ಅವನದಲ್ಲವೆನ್ನುವವರುಂಟೆ?

ಕುಂದು ಬರುವುದು ಬೇರೊಂದು ದಾರಿಯಿಂದ. ಮಳೆ ಬಂದೀತೆಂದು ಒಡೆಯನು ಗಾಡಿಯನ್ನು ಹೊರಗೆ ತೆಗೆಯುವುದಿಲ್ಲ. ಇಕ್ಕಟ್ಟಾದ ಬೀದಿಯಲ್ಲಿ ಯಾರಾದರೂ ಗೀರಿಯಾರೆಂದು ಅಲ್ಲಿಗೆ ಹೋಗುವುದಿಲ್ಲ. ಬಟ್ಟೆಯ ಚಾವಣಿಯನ್ನು ಯಾವನಾದರೂ ಕೊಯ್ದಾನೆಂದು ರಾತ್ರಿ ಅಪರಿಚಿತ ಸ್ಥಳದಲ್ಲಿ ತಂಗುವುದಿಲ್ಲ. ಓಡಿದ ಮೈಲಿಗಳು ಹೆಚ್ಚಿದರೆ ಮರುಮಾರಾಟದ ಬೆಲೆ ತಗ್ಗುವುದೆಂದು ಮೈಲಿಗಳನ್ನು ಎಣಿಸುವನು. ಇಲ್ಲಿ ರಾಜಶಾಸನವಿಲ್ಲ, ಪರರ ನಿರ್ಬಂಧವಿಲ್ಲ. ಆದರೂ ಒಡೆಯನ ಇಚ್ಛೆಯು ಹೆದರಿಕೆಯಿಂದ ಕುಗ್ಗಿದೆ. ‘ಇಷ್ಟ ಬಂದಂತೆ’ ಎಂಬ ಲಕ್ಷಣದಲ್ಲಿ ಇಷ್ಟವೇ ಬರಿದಾದ ಮೇಲೆ ಉಳಿಯುವುದೇನು? ಪತ್ರದಲ್ಲಿ ಇವನು ಒಡೆಯ, ನಡತೆಯಲ್ಲಿ ಕಾವಲುಗಾರ.

ಧನಕ್ಕೆ ದಾನ, ಭೋಗ, ನಾಶಗಳೆಂಬ ಮೂರೇ ಗತಿಗಳೆಂಬುದು ನಮ್ಮ ನೀತಿಶಾಸ್ತ್ರದ ಪ್ರಸಿದ್ಧವಾದ ಮಾತು. ಹುಗಿದಿಟ್ಟ ಚಿನ್ನದ ವಿಷಯದಲ್ಲಿ ಮೂರನೆಯ ಗತಿಯು ನಿಧಾನವಾಗಿ ಬರುವುದು. ಮೋಟಾರು ಗಾಡಿಯ ವಿಷಯದಲ್ಲಿ ಅದು ಮೊದಲನೆಯ ದಿನವೇ ಬಾಗಿಲಲ್ಲಿ ನಿಂತಿರುವುದು. ಓಡಿಸಿದರೂ ಬೆಲೆಯಿಳಿಯುವುದು, ಓಡಿಸದಿದ್ದರೂ ಇಳಿಯುವುದು. ನಿಂತಲ್ಲಿಯೇ ನಿಂತ ಗಾಡಿಯ ಬ್ಯಾಟರಿಯು ಬರಿದಾಗುವುದು, ಟೈರುಗಳ ರಬ್ಬರು ಗಡಸಾಗುವುದು, ಚಾವಣಿಯ ಬಟ್ಟೆಯು ತೇವದಿಂದ ಬೂಸಲು ಹಿಡಿಯುವುದು. ಉಳಿಸಬೇಕೆಂಬ ಆಸೆಯಿಂದ ಭೋಗವನ್ನು ತಡೆದವನು ನಾಶವನ್ನು ತಡೆಯಲಾರನು. ಅವನಿಗೆ ಎರಡೂ ಇಲ್ಲ.

ಇಬ್ಬರು ಗೃಹಸ್ಥರನ್ನು ಊಹಿಸಿಕೊಳ್ಳಬಹುದು. ಒಬ್ಬನು ಗಾಡಿಗೆ ಮುಸುಕು ಹೊದಿಸಿ, ವರ್ಷಕ್ಕೆ ನಾಲ್ಕಾರು ಭಾನುವಾರಗಳಂದು ಹೊರತೆಗೆದು, ಹತ್ತು ಮೈಲಿ ಓಡಿಸಿ, ಒರಸಿ ಒಳಗಿಡುವನು. ಮತ್ತೊಬ್ಬನು ಕಾಯಿಲೆಯಿಂದ ಚೇತರಿಸಿಕೊಂಡ ತನ್ನ ಪತ್ನಿಯನ್ನು ಕುಳ್ಳಿರಿಸಿಕೊಂಡು ಆಲ್ಪ್ಸ್ ಪರ್ವತದ ಕಡೆಗೆ ಹೊರಡುವನು. ಹಾದಿಯಲ್ಲಿ ಮಳೆ ಹಿಡಿಯುವುದು. ಪೆಟ್ಟಿಗೆಯ ಮೂಲೆ ತಾಗಿ ತೊಗಲು ಗೀರುವುದು. ಊರಿಗೆ ಮರಳಿದಾಗ ಗಾಡಿಯ ಬೆಲೆಯಲ್ಲಿ ಸಾವಿರಾರು ಪೌಂಡುಗಳು ಕರಗಿರುವುವು. ಲೆಕ್ಕದ ಪುಸ್ತಕದಲ್ಲಿ ಮೊದಲನೆಯವನೇ ಜಾಣ. ಆದರೆ ಗಾಡಿಯು ಯಾವ ಕಾರಣಕ್ಕಾಗಿ ಹುಟ್ಟಿತೋ ಆ ಕಾರಣವು ಸಾರ್ಥಕವಾದುದು ಎರಡನೆಯವನ ಮನೆಯಲ್ಲಿ. ಗೀರುಬಿದ್ದ ತೊಗಲನ್ನು ಕಂಡು ನಗಬಲ್ಲವನೇ ಅದರ ಒಡೆಯ.

ಇಲ್ಲಿ ಬುದ್ಧಿವಂತನೊಬ್ಬನು ಕೇಳಬಹುದು: ಭೋಗವೇ ಮುಖ್ಯವಾದರೆ ಹದಿನೈದು ದಿನಗಳ ಮಟ್ಟಿಗೆ ಗಾಡಿಯನ್ನು ಬಾಡಿಗೆಗೆ ಪಡೆದರಾಯಿತಲ್ಲ, ಒಡೆತನವೇಕೆ? ಪ್ರಶ್ನೆಯು ಸಾಧುವಾದುದು. ಪರ್ವತವೂ ಆಕಾಶವೂ ಬಾಡಿಗೆಯವನಿಗೆ ಕಡಮೆಯಾಗಿ ಕಾಣುವುದಿಲ್ಲ. ಒಡೆತನವು ಅದಕ್ಕೆ ಕೂಡಿಸುವುದು ಎರಡನ್ನು. ಒಂದು, ಬಹುಕಾಲದ ಒಡನಾಟದಿಂದ ಹುಟ್ಟುವ ಪರಿಚಯ. ವೈಣಿಕನು ತನ್ನ ವೀಣೆಯ ದನಿಯನ್ನು ಬಲ್ಲಂತೆ ಯಂತ್ರದ ಸ್ವಭಾವವನ್ನು ಅರಿತು ಅದನ್ನು ಜೋಪಾನಮಾಡುವುದು ಒಂದು ಸದ್ಗುಣ. ಇದನ್ನು ಹಗುರವಾಗಿ ಕಾಣಲಾಗದು. ಇನ್ನೊಂದು, ‘ನನ್ನದು’ ಎಂಬ ಮಮಕಾರ, ಹಾಗೂ ಅದನ್ನು ನೋಡುವ ನೆರೆಯವರ ಕಣ್ಣು. ತೆರೆದ ಗಾಡಿಯಲ್ಲಿ ಕುಳಿತವನು ಲೋಕವನ್ನು ಕಾಣುವುದಷ್ಟೇ ಅಲ್ಲ, ಲೋಕವೂ ಅವನನ್ನು ಕಾಣುವುದು. ನೋಡುವುದಕ್ಕಾಗಿ ಚಾವಣಿಯನ್ನು ತೆರೆದನೋ, ತೋರುವುದಕ್ಕಾಗಿ ತೆರೆದನೋ ಎಂಬುದನ್ನು ಹೊರಗಿನವರು ಹೇಳಲಾರರು, ಅವನೊಬ್ಬನೇ ಬಲ್ಲನು. ಯಾರೂ ಎದುರಾಗದ ನಿರ್ಜನವಾದ ಹಾದಿಯಲ್ಲಿಯೂ ಅವನಿಗೆ ಅಷ್ಟೇ ಸಂತೋಷವಾದರೆ ಅವನ ಸುಖವು ಅವನದು. ಇಲ್ಲವಾದರೆ ಅದು ನೋಡುವವರ ಕೈಯಲ್ಲಿದೆ; ಅವರು ಮುಖ ತಿರುಗಿಸಿದೊಡನೆ ಮುಗಿಯುವುದು.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಆಯುಸ್ಸು, ಸಂಪತ್ತು, ರಥಗಳು ಮೊದಲಾದ ಭೋಗಗಳನ್ನು ನೀಡಬಂದನು. ಬಾಲಕನು ಅವುಗಳನ್ನು ಯಮನಿಗೇ ಬಿಟ್ಟು ತಾನು ಕೇಳಿದ ಪ್ರಶ್ನೆಗೆ ಉತ್ತರವನ್ನೇ ಬೇಡಿದನು. ಆದರೆ ಮುಂದೆ ಅದೇ ಯಮನು ಉಪದೇಶಕ್ಕಾಗಿ ಆರಿಸಿಕೊಂಡ ಉಪಮೆಯು ರಥದ್ದೇ: ಶರೀರವು ರಥ, ಆತ್ಮನು ರಥಿಕ, ಬುದ್ಧಿಯು ಸಾರಥಿ. ರಥವು ಹೇಯವೆಂಬುದು ಆ ಉಪದೇಶದ ತಾತ್ಪರ್ಯವಲ್ಲ. ಯಾರು ಯಾರನ್ನು ನಡೆಸಬೇಕೆಂಬುದು ತಾತ್ಪರ್ಯ. ನಚಿಕೇತನಂತೆ ನಿರಾಕರಿಸುವ ಶಕ್ತಿಯು ಎಲ್ಲರಿಗೂ ಇರದು. ಗೃಹಸ್ಥನಿಂದ ಅದನ್ನು ಅಪೇಕ್ಷಿಸುವುದೂ ಯುಕ್ತವಲ್ಲ. ಅಂಥ ವಸ್ತುವನ್ನು ಕೊಳ್ಳಹೊರಟವನು ಮುಂಗಡವನ್ನು ತೆರುವುದಕ್ಕೆ ಮೊದಲು ಮೂರು ಮಾತುಗಳನ್ನು ತನ್ನಲ್ಲಿಯೇ ಕೇಳಿಕೊಂಡರೆ ಸಾಕು. ಇದು ಕರಗುವುದನ್ನು ಕೊರಗಿಲ್ಲದೆ ನೋಡಬಲ್ಲೆನೆ? ಇದರಿಂದ ನನ್ನ ಕೈಹಿಡಿದವರಿಗೂ, ನನ್ನನ್ನು ನಂಬಿದವರಿಗೂ ಏನೂ ಕಡಮೆಯಾಗದಷ್ಟೆ? ನಾಳೆ ಇದನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾಗಿ ಬಂದರೆ ಆ ರಾತ್ರಿ ನನಗೆ ನಿದ್ರೆ ಬಂದೀತೆ? ಮೂರಕ್ಕೂ ಹೌದೆನ್ನಬಲ್ಲವನು ಕೊಂಡರೆ ಅದು ಭೋಗ. ಅವನು ಮಳೆಗೆ ಹೆದರದೆ ದೂರದ ಹಾದಿಯನ್ನು ಹಿಡಿಯಲಿ. ಒಂದಕ್ಕಾದರೂ ಅಲ್ಲವೆನ್ನುವವನು ಇನ್ನೂ ಕೆಲವು ಕಾಲ ಕಾಯುವುದು ಲೇಸು.