ಪಾಲು ಮಾಡುವವರಾರು?

ಪಿತ್ರಾರ್ಜಿತ ಆಸ್ತಿಯಲ್ಲಿ ತನಗೆ ಬರಬೇಕಾದ ಪಾಲನ್ನು ಕೊಡುವಂತೆ ತನ್ನ ಸಹೋದರನಿಗೆ ಹೇಳಬೇಕೆಂದು ಜನಸಂದಣಿಯ ನಡುವಿನಿಂದ ಒಬ್ಬನು ಯೇಸುಸ್ವಾಮಿಯನ್ನು ಬೇಡಿಕೊಂಡ ಪ್ರಸಂಗ ಸಂತ ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿದೆ. ಸ್ವಾಮಿ ಆ ಪಂಚಾಯಿತಿಗೆ ಒಪ್ಪಲಿಲ್ಲ. ಬದಲಿಗೆ, ಇದ್ದ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಲು ಹೊರಟ ಧನಿಕನ ಸಾಮತಿಯನ್ನು ಹೇಳಿದರು. ಅದೇ ರಾತ್ರಿ ಸಾಯಲಿದ್ದ ಆ ಮನುಷ್ಯನಿಗೆ ಎದುರಾದ ಪ್ರಶ್ನೆ, ಕೂಡಿಟ್ಟದ್ದು ಇನ್ನು ಯಾರ ಪಾಲಾಗುವುದು ಎಂಬುದು. ಈ ಸಾಮತಿಯನ್ನು ನಾವು ದುರಾಶೆಯ ವಿರುದ್ಧದ ಬೋಧನೆಯೆಂದು ಕೇಳುತ್ತೇವೆ, ಅದು ಸರಿಯೇ. ಆದರೆ ಆ ಪ್ರಶ್ನೆಗೆ ಬದುಕಿರುವಾಗಲೇ ಕುಳಿತು ಉತ್ತರ ಬರೆದಿಡುವ ಗೃಹಸ್ಥರು ನಮ್ಮಲ್ಲಿ ವಿರಳ.

ಉಯಿಲಿನ ಮಾತೆತ್ತಿದೊಡನೆ "ಬಿಡ್ತು ಅನ್ನಿ" ಎನ್ನುವ ಮನೆಗಳೇ ಹೆಚ್ಚು. ನಮ್ಮ ಮಕ್ಕಳು ಕಿತ್ತಾಡುವವರಲ್ಲ, ಅದರ ಗೊಡವೆ ನಮಗೇಕೆ ಎನ್ನುವವರೂ ಇದ್ದಾರೆ. ಆದರೆ ಉಯಿಲು ಬರೆಯದೆ ಹೋದವರ ಪರವಾಗಿ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವು ಪಾಲು ಮಾಡುತ್ತದೆ. ಊರಿನಲ್ಲಿ ಸಣ್ಣ ಬೇಕರಿಯೊಂದನ್ನು ನಡೆಸುತ್ತಿದ್ದ ಕ್ರೈಸ್ತ ಗೃಹಸ್ಥನೊಬ್ಬನು ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು ಮತ್ತು ವೃದ್ಧ ತಾಯಿಯನ್ನು ಬಿಟ್ಟು ತೀರಿಕೊಂಡನೆಂದು ಇಟ್ಟುಕೊಳ್ಳೋಣ. ಕಾನೂನು ಅವನ ಆಸ್ತಿಯ ಮೂರರಲ್ಲೊಂದು ಭಾಗವನ್ನು ಹೆಂಡತಿಗೆ ಕೊಟ್ಟು, ಉಳಿದುದನ್ನು ಮಕ್ಕಳಿಬ್ಬರಿಗೂ ಸಮನಾಗಿ ಹಂಚುತ್ತದೆ. ಗಂಡು ಹೆಣ್ಣೆಂಬ ಭೇದ ಅಲ್ಲಿಲ್ಲ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಇದೇ ಸಮಪಾಲು ದೊರೆಯಲು ಮೇರಿ ರಾಯ್ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತೀರ್ಪು ಬಂದದ್ದು 1986ರಲ್ಲಿ. (ಕಾನೂನು ಕೊಟ್ಟದ್ದನ್ನು, ತಿಂಗಳ ಪೂಜೆಗೆ ಬಂದ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿ ಹಿಂದಕ್ಕೆ ಪಡೆಯುವ ಅಣ್ಣಂದಿರಿದ್ದಾರೆ, ಆ ಮಾತು ಬೇರೆ.)

ಈ ಲೆಕ್ಕದಲ್ಲಿ ಆ ವೃದ್ಧ ತಾಯಿ ಎಲ್ಲಿ? ಎಲ್ಲಿಯೂ ಇಲ್ಲ. ಹಿಂದೂ ಗೃಹಸ್ಥನೊಬ್ಬನು ಉಯಿಲಿಲ್ಲದೆ ತೀರಿಕೊಂಡರೆ 1956ರ ಕಾಯಿದೆಯು ತಾಯಿಯನ್ನು ಹೆಂಡತಿ ಮಕ್ಕಳ ಸಾಲಿನಲ್ಲಿಯೇ ನಿಲ್ಲಿಸುತ್ತದೆ. ನಮಗೆ ಅನ್ವಯಿಸುವ ಕಾಯಿದೆಯಲ್ಲಿ, ತೀರಿಕೊಂಡವನಿಗೆ ಮಕ್ಕಳಿದ್ದರೆ ತಂದೆತಾಯಿಗಳಿಗೆ ಪಾಲಿಲ್ಲ. ಸೊಸೆ ಒಳ್ಳೆಯವಳಾದರೆ ಅತ್ತೆಗೆ ಊಟಕ್ಕೆ ಕೊರತೆಯಾಗದು, ನಿಜ. ಆದರೆ ಎಂಬತ್ತರ ಮುದುಕಿಯು ತಾನೇ ಸಾಕಿದ ಮಗನ ಮನೆಯಲ್ಲಿ ಇನ್ನೊಬ್ಬರ ಒಳ್ಳೆಯತನವನ್ನೇ ನೆಚ್ಚಿ ಕೂರಬೇಕಾಗುವುದು ಯಾವ ನ್ಯಾಯ? ಶಿಲುಬೆಯ ಮೇಲಿನ ಆ ಕೊನೆಯ ಘಳಿಗೆಯಲ್ಲಿಯೂ ಪ್ರಭು ತಮ್ಮ ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸಿದರು. ತಾಯಿ ಬದುಕಿರುವವರೆಗೆ ಈ ಮನೆಯ ಕೋಣೆಯೊಂದು ಅವಳದು, ತಿಂಗಳಿಗೆ ಇಷ್ಟು ಹಣ ಅವಳಿಗೆ ಸಲ್ಲತಕ್ಕದ್ದು ಎಂಬ ಎರಡು ಸಾಲುಗಳು ಉಯಿಲಿನಲ್ಲಿದ್ದರೆ ಅವಳು ತಲೆಯೆತ್ತಿ ಬಾಳಬಲ್ಲಳು.

ಇನ್ನು ಆ ಬೇಕರಿ. ಮಗನು ಓದು ಬಿಟ್ಟು ಇಪ್ಪತ್ತು ವರ್ಷ ಅಪ್ಪನ ಜೊತೆ ಒಲೆಯ ಮುಂದೆ ನಿಂತಿದ್ದಾನೆ. ಮಗಳು ಓದಿ, ಮದುವೆಯಾಗಿ, ದುಬೈಯಲ್ಲಿದ್ದಾಳೆ. ಕಾನೂನಿಗೆ ಇದಾವುದೂ ತಿಳಿಯದು. ಅದು ಸಮನಾಗಿ ಹಂಚುತ್ತದೆ, ಹಂಚಲಾಗದೆ ಹೋದರೆ ಬೇಕರಿ ಮಾರಾಟಕ್ಕೆ ಬರುತ್ತದೆ. ಸಮಪಾಲೇ ನ್ಯಾಯವೆಂದು ಇಲ್ಲಿ ಸುಲಭವಾಗಿ ಹೇಳಲಾಗದು. ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕಿಲ್ಲ. ಅವನು ತನ್ನದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಬೇಕರಿಯನ್ನು ಮಗನಿಗೆ ಬರೆದು, ಮಗಳಿಗೆ ಬೇರೆ ರೀತಿಯಲ್ಲಿ ಕೊಟ್ಟರೆ ಅದು ಪಕ್ಷಪಾತವಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಕಾರಣವನ್ನು ಮಗಳು ಅಪ್ಪನ ಬಾಯಿಂದಲೇ ಕೇಳಬೇಕು, ವಕೀಲರ ಬಾಯಿಂದಲ್ಲ. ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಬದುಕಿರುವಾಗಲೇ ಪಾಲು ಮಾಡಿಕೊಟ್ಟಿದ್ದ. ಹಾಗಿದ್ದರೂ ಹಿರಿಯ ಮಗ ಮುನಿದು ಹೊರಗೆ ನಿಂತ. ತಂದೆ ತಾನೇ ಎದ್ದು ಹೊರಗೆ ಬಂದು ಅವನೊಡನೆ ಮಾತನಾಡಬೇಕಾಯಿತು.

ಇದೇ ಸ್ವಾತಂತ್ರ್ಯವನ್ನು ಶಿಕ್ಷೆಗಾಗಿ ಬಳಸುವವರಿದ್ದಾರೆ. ಅನ್ಯಧರ್ಮೀಯನನ್ನು ಮದುವೆಯಾದ ಮಗಳಿಗೆ ಕಾಸೂ ಇಲ್ಲವೆಂದು ಬರೆದರೆ ಕಾನೂನು ತಡೆಯದು. ಬದುಕಿರುವ ಅಪ್ಪನ ಕೋಪ ಮೊಮ್ಮಗುವಿನ ಮುಖ ಕಂಡೊಡನೆ ಇಳಿಯಬಹುದು. ಸತ್ತವನ ಉಯಿಲಿನಲ್ಲಿರುವ ಕೋಪ ಇಳಿಯುವುದೆಂತು? ಅಂಥ ಉಯಿಲು ಬರೆದಿಟ್ಟವರು ಅದನ್ನು ಇಂದೇ ಹರಿದು ಹಾಕಲಿ.

ಮಕ್ಕಳ ಪಾಲಿಗೆ ಮೊದಲು ಸಲ್ಲಬೇಕಾದವು ಬೇರೆ ಇವೆ. ಅಂತ್ಯಕ್ರಿಯೆಯ ಮತ್ತು ಕೊನೆಯ ಚಿಕಿತ್ಸೆಯ ವೆಚ್ಚ, ಅನಂತರ ಆಸ್ತಿಯ ಆಡಳಿತಕ್ಕಾಗಿ ನ್ಯಾಯಾಲಯದಲ್ಲಿ ತಗಲುವ ಖರ್ಚು, ಅದರ ಬೆನ್ನಿಗೇ ಕೆಲಸಗಾರರಿಗೂ ಮನೆಯಾಳುಗಳಿಗೂ ಕೊನೆಯ ಮೂರು ತಿಂಗಳ ಬಾಕಿ ಕೂಲಿ, ಆಮೇಲೆ ಉಳಿದ ಸಾಲಗಳು, ಇದು ಕಾಯಿದೆ ಹೇಳುವ ಕ್ರಮ. ಕೂಲಿಯನ್ನು ತಡೆಹಿಡಿದವರನ್ನು ಕುರಿತು ಸಂತ ಯಕೋಬನ ಪತ್ರದಲ್ಲಿರುವ ಕಟು ಮಾತುಗಳನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಮೈದಾ ಕೊಟ್ಟ ವ್ಯಾಪಾರಿಯ ಬಾಕಿ ಅಪ್ಪನ ತಲೆಯೊಳಗೆ ಮಾತ್ರವಿದ್ದರೆ ಮಕ್ಕಳು ತೀರಿಸುವುದು ಹೇಗೆ? ಅದನ್ನೂ ಬರೆದಿಡಬೇಕು. ಬ್ಯಾಂಕಿನ ಖಾತೆಗೆ ಒಬ್ಬರನ್ನು ನಾಮಿನಿ ಮಾಡಿದರೆ ಸಾಕೆಂಬ ನಂಬಿಕೆಯೂ ತಪ್ಪು. ನಾಮಿನಿಗೆ ಹಣ ಪಡೆಯುವ ಹಕ್ಕಿದೆಯೇ ಹೊರತು ಒಡೆತನವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ.

ದೇವಾಲಯಕ್ಕೆ ಅಥವಾ ದಾನಧರ್ಮಕ್ಕೆ ಬರೆಯುವ ವಿಷಯವನ್ನು ಈ ಪುಟಗಳಲ್ಲಿ ಹೇಳದೆ ಬಿಡುವುದು ಸರಿಯಲ್ಲ. ಹತ್ತಿರದ ಬಂಧುಗಳಿದ್ದ ಕ್ರೈಸ್ತನು ಹಾಗೆ ಬರೆದ ಉಯಿಲು ಅವನ ಸಾವಿಗೆ ಕನಿಷ್ಠ ಹನ್ನೆರಡು ತಿಂಗಳ ಮೊದಲಿನದಾಗಿರಬೇಕೆಂದು ಅಧಿನಿಯಮದ 118ನೆಯ ಕಲಮು ವಿಧಿಸಿತ್ತು. ಕೇರಳದ ಗುರುಗಳಾದ ಫಾದರ್ ಜಾನ್ ವಳ್ಳಮಟ್ಟಂ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಇದನ್ನು ತಾರತಮ್ಯವೆಂದು ರದ್ದುಪಡಿಸಿತು. ರದ್ದಾದದ್ದು ಒಳ್ಳೆಯದೇ. ಆದರೆ ಮರಣಶಯ್ಯೆಯಲ್ಲಿರುವವನ ಭಯವನ್ನು ದಾನವಾಗಿ ಮಾಡಿಕೊಳ್ಳಬಾರದೆಂಬ ಎಚ್ಚರಿಕೆ ನಮ್ಮಲ್ಲಿ ಉಳಿಯಬೇಕು. ಹೆಂಡತಿಗೆ ನೆಲೆಯಿಲ್ಲದಂತೆ ಮಾಡಿ ಗಂಟೆಗೋಪುರಕ್ಕೆ ಹಣ ಕೊಡುವವನನ್ನು ಗುರುಗಳೇ ತಡೆಯಬೇಕು.

ಬರೆಯುವುದು ಕಷ್ಟವಲ್ಲ. ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಲೇಸು. ಭಾರತೀಯ ಕ್ರೈಸ್ತರ ಉಯಿಲಿಗೆ ಪ್ರೊಬೇಟ್ ಪಡೆಯಲೇಬೇಕೆಂಬ ನಿಯಮವೂ 2002ರ ತಿದ್ದುಪಡಿಯಿಂದ ಹೋಯಿತು. ಬರೆದವನ ಸಹಿಗೆ ಇಬ್ಬರು ಸಾಕ್ಷಿಗಳಿರಬೇಕು. ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಆ ಉಯಿಲಿನಿಂದ ಏನೂ ಸಿಗದು, ಆದ್ದರಿಂದ ಪಾಲು ಪಡೆಯುವ ಮಗನನ್ನೋ ಅಳಿಯನನ್ನೋ ಸಾಕ್ಷಿಗೆ ಕರೆಯಬೇಡಿರಿ. ಮದುವೆಗೆ ಮುಂಚೆ ಬರೆದದ್ದು ಮದುವೆಯಿಂದ ರದ್ದಾಗುತ್ತದೆ. ವಿಧುರರು ಮರುಮದುವೆಯಾದಾಗ ಹೊಸದಾಗಿ ಬರೆಯಬೇಕು. ಮೊಹರು ಮಾಡಿದ ಲಕೋಟೆಯಲ್ಲಿ ಅದನ್ನು ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಲೂಬಹುದು. ಎಲ್ಲಿಟ್ಟಿದ್ದೀರೆಂಬುದು ಮಾತ್ರ ಮನೆಯವರಿಗೆ ತಿಳಿದಿರಲಿ.