ನಾಲ್ಕು ಗಂಟೆಯ ಹಸಿವು

ರಾಯಚೂರು ಸೀಮೆಯವರಿಗೆ ಫಾಸ್ಟ್‌ಫುಡ್ ಹೊಸದೇನಲ್ಲ. ಗೋಬಿ ಬಂಡಿಗಳು ಬರುವ ಎಷ್ಟೋ ಮೊದಲಿನಿಂದ ನಮಗೆ ಒಗ್ಗರಣಿ-ಮಿರ್ಚಿ ಇತ್ತು. ಮಂಡಾಳನ್ನು ನೀರಿಗೆ ಹಾಕಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಯಲ್ಲಿ ಕಲಸಿ, ಮೇಲೊಂದಿಷ್ಟು ಪುಠಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟುಕೊಡಲು ಎಷ್ಟು ಹೊತ್ತು ಬೇಕು? ದೇವದುರ್ಗದಲ್ಲಿ ನಾನು ಬೆಳೆಯುವಾಗ ಹೊರಗಿನ ತಿಂಡಿ ಎಂದರೆ ಅದೇ. ಆದರೆ ಅದಕ್ಕೊಂದು ಹೊತ್ತಿತ್ತು. ಬೆಳಿಗ್ಗೆ ಹೋಟೆಲಿನ ಬೋಗಾಣಿ ಖಾಲಿಯಾದರೆ ಮುಗಿಯಿತು. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಂದು ಮನೆಗೇ ಬರಬೇಕು. ನಮ್ಮ ಹಿರಿಯರು ಕರಿದದ್ದನ್ನು ಕಡಿಮೆಯೇನೂ ತಿನ್ನಲಿಲ್ಲ. ಆದರೆ ಹೊತ್ತು ಅವರನ್ನು ಕಾಪಾಡುತ್ತಿತ್ತು.

ಓದಲು ರಾಯಚೂರಿಗೆ ಬಂದಾಗ ಆ ಹೊತ್ತು ಸಡಿಲಾಯಿತು. ಹಾಸ್ಟೆಲಿನ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ದೊಡ್ಡ ಅಂತರ. ಸಂಜೆ ತೀನ್ ಕಂದಿಲ್ ಕಡೆಗೋ ಸ್ಟೇಷನ್ ರೋಡಿಗೋ ಗೆಳೆಯರೊಂದಿಗೆ ಹೊರಟರೆ ಕಾಲು ತಾನಾಗಿ ಬಂಡಿಯ ಮುಂದೆ ನಿಲ್ಲುತ್ತಿತ್ತು. ಕಾದ ಬಾಣಲೆಯ ಸದ್ದು, ಬೆಳ್ಳುಳ್ಳಿ-ಸೋಯಾ ವಾಸನೆ, ಕೆಂಪಗೆ ಹೊಳೆಯುವ ಗೋಬಿ. 1975ರಲ್ಲಿ ಮುಂಬೈನಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಮಾಡಿದ ಚಿಕನ್ ಮಂಚೂರಿಯನ್‌ನಲ್ಲಿ ಕೋಳಿಯ ಜಾಗಕ್ಕೆ ಹೂಕೋಸು ಬಂದು, ಅದು ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದವರೆಗೂ ನಡೆದು ಬಂದಿದೆ. ಅದರ ರುಚಿ ನನಗೆ ಅಂದೂ ಇಷ್ಟ, ಇಂದೂ ಇಷ್ಟ. ಇಷ್ಟವಾದದ್ದನ್ನು ಕೆಟ್ಟದ್ದೆಂದು ಬೈದು ಬಿಡಿಸುವ ಉಪದೇಶ ಹೆಚ್ಚು ದಿನ ನಿಲ್ಲುವುದಿಲ್ಲ.

ಕೆಲಸಕ್ಕೆಂದು ಮಾನ್ವಿಗೆ ಬಂದ ಮೇಲೆ ಒಂದು ವಿಷಯ ನಿಧಾನವಾಗಿ ಕಣ್ಣಿಗೆ ಬಿತ್ತು. ನಾವು ಬಂಡಿಯ ಮುಂದೆ ನಿಲ್ಲುವುದು ಏಳು ಗಂಟೆಗೆ. ಆದರೆ ಅದು ನಿಶ್ಚಯವಾಗುವುದು ನಾಲ್ಕು ಗಂಟೆಗೆ. ಮಧ್ಯಾಹ್ನ ಒಂದಕ್ಕೆ ಉಂಡ ಅನ್ನ ಆ ಹೊತ್ತಿಗೆ ಕರಗಿರುತ್ತದೆ. ಆಗ ಒಂದು ಚಹಾ ಕುಡಿದು ಹಸಿವನ್ನು ಮುಂದೂಡುತ್ತೇವೆ. ಏಳಕ್ಕೆ ಅದು ಇಮ್ಮಡಿಯಾಗಿ ಬರುತ್ತದೆ, ಜೊತೆಗೆ ದಣಿವನ್ನೂ ಕರೆತರುತ್ತದೆ. ದಣಿದು ಹಸಿದವನ ಮುಂದೆ ಸಂಕಲ್ಪ ಎಷ್ಟು ಹೊತ್ತು ನಿಂತೀತು? ಬಾಯಿ ಕಟ್ಟುವ ಶಪಥಕ್ಕಿಂತ ನಾಲ್ಕಕ್ಕೆ ಒಂದು ಹಿಡಿ ಹುರಿದ ಶೇಂಗಾ, ಒಂದು ತುಂಡು ಬೆಲ್ಲ, ಇಲ್ಲವೇ ಅರ್ಧ ಖಡಕ್ ರೊಟ್ಟಿಗೆ ಗುರೆಳ್ಳು ಪುಡಿ ಹೆಚ್ಚು ಕೆಲಸ ಮಾಡುತ್ತವೆ. ನಾರಿನಂಶವಿರುವ ಜೋಳ ನಿಧಾನಕ್ಕೆ ಕರಗುತ್ತದೆ. ಆ ಅರ್ಧ ರೊಟ್ಟಿ ರಾತ್ರಿಯ ಊಟದವರೆಗೂ ಕೈ ಹಿಡಿಯುತ್ತದೆ. ಹೊಟ್ಟೆಯಲ್ಲಿ ಇಷ್ಟಿದ್ದರೆ ಏಳಕ್ಕೆ ಗೋಬಿಯನ್ನು ನೋಡುವ ಕಣ್ಣೇ ಬೇರೆ. ತಿಂದರೂ ನಾಲ್ವರು ಒಂದು ಪ್ಲೇಟು ಹಂಚಿಕೊಂಡು ತಿನ್ನುತ್ತೇವೆ, ರುಚಿ ತಿಳಿದು ತಿನ್ನುತ್ತೇವೆ.

ತಿನ್ನುವಾಗಿನ ನಡತೆಯೂ ಮುಖ್ಯ. ಮೊದಲು ಬಣ್ಣ. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107ರಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಸಿನ್‌ನಂಥ ಬಣ್ಣಗಳು ಸಿಕ್ಕಿದ್ದವು. ಕಾನೂನು ಬಂತು, ಆದರೆ ಪ್ರತಿ ಬಂಡಿಯ ಪಕ್ಕಕ್ಕೂ ಅಧಿಕಾರಿ ನಿಲ್ಲಲಾರ. ಅಲ್ಲಿ ನಿಲ್ಲುವವರು ನಾವು. "ಬಣ್ಣ ಹಾಕಬ್ಯಾಡಣ್ಣ, ಹಂಗ ಮಾಡಿ ಕೊಡು" ಎಂದರೆ ಬಂಡಿಯವರು "ಕೆಂಪಗ ಇರಲಿಲ್ಲಂದ್ರ ಗಿರಾಕಿನೇ ಬ್ಯಾಡ ಅಂತಾರ್ರೀ" ಎನ್ನುತ್ತಾರೆ. ಅವರ ಮಾತಿನಲ್ಲಿ ನಿಜವಿದೆ. ಕೆಂಪನ್ನು ಕೇಳಿದವರು ನಾವೇ ಆದ್ದರಿಂದ ಬೇಡ ಎನ್ನುವ ಹೊಣೆಯೂ ನಮ್ಮದು. ಅದನ್ನು ಗೌರವದಿಂದಲೇ ಹೇಳಬೇಕು. ಆ ಬಂಡಿಯ ಮೇಲೆ ಒಂದು ಮನೆಯ ಒಲೆ ಉರಿಯುತ್ತದೆ. ಎಣ್ಣೆಯ ಕಡೆಗೂ ಕಣ್ಣು ಹಾಯಿಸಬೇಕು. ಕರಿದ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾಯಿಸಿದಂತೆ ಹೆಚ್ಚುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಅದನ್ನು ಬಳಸಬಾರದೆಂಬ ನಿಯಮ 2018ರಿಂದ ಇದೆ. ಅದನ್ನು ಅಳೆಯುವ ಯಂತ್ರ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಕಪ್ಪಾಗಿ, ಜಿಗುಟಾಗಿ, ನೊರೆ ಕಟ್ಟಿ ಹೊಗೆಯಾಡುವ ಎಣ್ಣೆಯನ್ನು ಗುರುತಿಸಲು ಕಣ್ಣು ಮೂಗು ಸಾಕು. ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಹಾ ಚಮಚ. ಸೋಯಾ ಸಾಸ್, ಅಜಿನೊಮೊಟೊ, ಮೇಲುಪ್ಪು ಎಲ್ಲ ಕೂಡಿದ ತಟ್ಟೆಯಲ್ಲಿ ಅದರ ದೊಡ್ಡ ಪಾಲು ಒಮ್ಮೆಗೇ ಹೊಟ್ಟೆಗಿಳಿಯುತ್ತದೆ.

ನನಗೆ ಹೆಚ್ಚು ಕಾಳಜಿ ಮಕ್ಕಳದ್ದು. ಶಾಲೆ ಬಿಟ್ಟೊಡನೆ ಟ್ಯೂಷನ್ನು, ಅದು ಬಿಡುವಷ್ಟರಲ್ಲಿ ಕತ್ತಲು. ನಡುವೆ ಅಪ್ಪ-ಅವ್ವ ಕೊಟ್ಟ ಇಪ್ಪತ್ತು ರೂಪಾಯಿ ನೇರ ಬಂಡಿಗೆ ಹೋಗುತ್ತದೆ. ಅದು ಮಗುವಿನ ಚಪಲ ಎನ್ನಬಾರದು. ಹಸಿದ ಮಗುವಿಗೆ ಅಲ್ಲಿ ಬೇರೇನೂ ಸಿಗುವುದಿಲ್ಲ. ಪುಸ್ತಕದ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಇರಲಿ: ಒಂದಿನ ಶೇಂಗಾ ಉಂಡಿ, ಒಂದಿನ ಒಗ್ಗರಣೆ ಹಾಕಿದ ಮಂಡಾಳು, ಒಂದಿನ ಬಾಳೆಹಣ್ಣು. ಗೋಬಿಗೆ ರವಿವಾರ ಸಂಜೆ ನಾವೇ ಕರೆದುಕೊಂಡು ಹೋಗೋಣ, ಪಾರ್ಸೆಲ್ ಕಟ್ಟಿಸದೆ ಅಲ್ಲೇ ಕೂತು ತಿನ್ನೋಣ. ಬಣ್ಣ ಬ್ಯಾಡಣ್ಣ ಎಂಬ ಮಾತನ್ನು ಬಂಡಿಯವರಿಗೆ ಮಕ್ಕಳೇ ಹೇಳಲಿ.