ಕೆಂಪು ಮರಿಗಳ ಮೇಲೆ ಗಾಳ

ಮೀನಿಗೆ ಮೋಸ ಮಾಡುವುದು ತಪ್ಪೇ? ಭಾನುವಾರ ಬೆಳಗಿನ ಲೋಕಲ್ಲಿನಲ್ಲಿ ಗಾಳದ ಕೋಲು ಹಿಡಿದು ಡೊಂಬಿವಲಿಯಿಂದ ಟಿಟ್ವಾಳಾಕ್ಕೆ ಹೊರಟವನಿಗೆ ಈ ಪ್ರಶ್ನೆ ಬರಬಾರದು. ಬಂದರೂ ಕಲ್ಯಾಣದಲ್ಲಿ ಜನರ ಜೊತೆ ಇಳಿದುಹೋಗಬೇಕು. ನನ್ನದು ಎರಡು ಮಳೆಗಾಲದಿಂದ ಇಳಿದಿಲ್ಲ.

ಗಂಗಾವತಿಯ ಕಾಲುವೆ ದಂಡೆಯಲ್ಲಿ ನಾವು ಎರೆಹುಳು ಚುಚ್ಚಿ ಕೂರುತ್ತಿದ್ದೆವು. ಇಲ್ಲಿ ಕಾಳೂ ನದಿಯ ಬದಿಯ ಕುಂಟೆಗಳಲ್ಲಿ ಗೆಳೆಯ ಕಲಿಸಿದ್ದು ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ವಿದ್ಯೆ. ದಾರಕ್ಕೆ ಮೊದಲು ಗುಂಡಿನಾಕಾರದ ತೂಕ, ಅದರ ಚೂಪು ತುದಿ ಮೇಲಕ್ಕೆ. ಆಮೇಲೆ ಕುತ್ತಿಗೆ ಮಡಿಚಿದ ಗಾಳ. ಅದನ್ನು ಹುಳುವಿನ ಮೂತಿಯಲ್ಲಿ ಅರ್ಧ ಸೆಂಟಿಮೀಟರ್ ಚುಚ್ಚಿ ಹೊರತೆಗೆದು, ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಹುದುಗಿಸಬೇಕು. ಆಗ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಪ್ಲಾಸ್ಟಿಕ್ ಅದುಮಿಕೊಂಡು ಮೊನೆ ಹೊರಬರುತ್ತದೆ. ಇದಕ್ಕೆ ಟೆಕ್ಸಸ್ ರಿಗ್ ಎನ್ನುತ್ತಾರೆ. ಏಳು ಗ್ರಾಂ ತೂಕ ಹಾಕಿದರೆ ಕಳೆ ಸೀಳಿಕೊಂಡು ಧುಮುಕುತ್ತದೆ, ಎರಡು ಗ್ರಾಮಿಗೆ ಜೀವವಿದ್ದಂತೆ ತೇಲುತ್ತಾ ಇಳಿಯುತ್ತದೆ. ತೂಕವೇ ಇಲ್ಲದ ಟೊಳ್ಳು ಕಪ್ಪೆ ನೀರಿನ ಮೇಲೆಯೇ ಜಿಗಿಯುತ್ತದೆ.

ನೀತಿಯ ವಿಚಾರದಲ್ಲಿ ನಾನು ಹಿಂದುಳಿದವನಲ್ಲ ಅಂದುಕೊಂಡಿದ್ದೆ. ಕಳೆದುಹೋದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತವೆಂದು ಬ್ರಿಟನ್ನಿನಲ್ಲಿ 1987ರಲ್ಲಿ ಸೀಸದ ಹೆಚ್ಚಿನ ತೂಕಗಳನ್ನು ನಿಷೇಧಿಸಿದರೆಂದು ಓದಿ, ಹಿತ್ತಾಳೆಯವನ್ನು ತಂದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಅದುಮಿದೆ. ಹಿಡಿದ ಮೀನನ್ನು ಬಿಡುತ್ತಿದ್ದೆ. ಉಳಿದ ಮೋಸಕ್ಕೆ ನಮ್ಮಲ್ಲಿ ಹಳೆಯ ಸಮಾಧಾನವೊಂದಿದೆ: ಆಸೆಬುರುಕ ಮೀನು ಗಾಳಕ್ಕೆ ಬಿತ್ತು, ತಪ್ಪು ಅದರದು. ಆ ನಮ್ಮ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವುದನ್ನು ರಾಜರ ವಿನೋದವಾಗಿ ವಿವರಿಸಿದ್ದಾನೆ, ಯಾವ ಮೀನಿಗೆ ಏನು ತಿನಿಸಬೇಕೆಂಬುದೂ ಅಲ್ಲಿದೆ. ಮೀನಿನ ಹಸಿವನ್ನು ಬಲ್ಲವನೇ ಬೇಟೆಗಾರ ಎಂದು ನಾನೂ ನಂಬಿದ್ದೆ.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಕುಂಟೆಯ ನಡುವೆ ಕೆಂಪಗೆ ಒಂದು ಮಚ್ಚೆ ಕಂಡಿತು. ನೂರಾರು ಮರಿಗಳು ಉಂಡೆಯಾಗಿ ಉಸಿರಿಗೆ ಮೇಲೆ ಬಂದು ಗುಳುಗುಳು ಎಂದು ಮುಳುಗುತ್ತಿದ್ದವು. ಮರಾಠಿಯವರು ಮರಳ ಎನ್ನುವ, ನಾವು ಊರಲ್ಲಿ ಕೊರವ ಎನ್ನುತ್ತಿದ್ದ ಮೀನಿನ ಮರಿಗಳು. ಅಪ್ಪ ಅಮ್ಮ ಎರಡೂ ಕೆಳಗೆ ಕಾವಲಿರುತ್ತವೆ. “ಕಪ್ಪೆ ಹಾಕು, ತಪ್ಪುವುದೇ ಇಲ್ಲ” ಅಂದ ಗೆಳೆಯ. ಹಾಕಿದೆ. ಎರಡನೆಯ ಜಿಗಿತಕ್ಕೆ ನೀರು ಒಡೆಯಿತು.

ಒಂದೂವರೆ ಕಿಲೋ ಇತ್ತು. ಫೋಟೋ ತೆಗೆದು, ತೂಗಿ, ಬಿಡುವುದಕ್ಕೆ ನಾಲ್ಕೈದು ನಿಮಿಷ. ಅಷ್ಟರಲ್ಲಿ ಕೆಂಪು ಉಂಡೆ ಚೆದುರಿತ್ತು. ಅದು ಇದ್ದ ಜಾಗದಲ್ಲಿ ಬೇರೆ ಮೀನುಗಳು ಬಾಯಿ ಆಡಿಸುತ್ತಿದ್ದವು.

“ಇನ್ನೊಂದು ಕಾವಲಿಗೆ ಇದ್ದೇ ಇರುತ್ತದೆ” ಎಂದ ಗೆಳೆಯ. “ಹಸಿದು ಕಚ್ಚಿದರೂ ಕಾಯಲು ಕಚ್ಚಿದರೂ ಮೀನಿಗೆ ನೋವು ಅಷ್ಟೇ ತಾನೆ?” ಅವನ ಮಾತು ಸುಳ್ಳಲ್ಲ. ಆದರೆ ಆಸೆಬುರುಕ ಎಂದು ಆ ಮೀನನ್ನು ಬೈಯುವುದು ನನ್ನಿಂದಾಗಲಿಲ್ಲ. ಅದು ಕಪ್ಪೆಯನ್ನು ತಿನ್ನಲು ಬಂದಿರಲಿಲ್ಲ, ಓಡಿಸಲು ಬಂದಿತ್ತು. ನಾನು ಬಳಸಿಕೊಂಡದ್ದು ಅದರ ದೌರ್ಬಲ್ಯವನ್ನಲ್ಲ, ಅದರ ಒಳ್ಳೆಯತನವನ್ನು. ಹಸಿದ ಮೀನಿಗೆ ಹುಳುವನ್ನು ಬಿಟ್ಟು ಹೋಗುವ ದಾರಿಯಾದರೂ ಇದೆ. ಮರಿಗಳ ಮೇಲೆ ಕಪ್ಪೆ ಬಿದ್ದಾಗ ಕಾವಲಿನ ಮೀನಿಗೆ ಆ ದಾರಿಯೂ ಇಲ್ಲ.

ಈ ಯೋಚನೆ ಕುಂಟೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ನಾನು ಐರೋಳಿಯಲ್ಲಿ ಕೂತು ವಿಮೆಯ ಜಾಹೀರಾತಿನ ಸಾಲು ಬರೆಯುವವನು. ರಿಯಾಯಿತಿ ಎಂದು ಬರೆದರೆ ಜನ ಲೆಕ್ಕ ಹಾಕುತ್ತಾರೆ, ‘ನಿಮ್ಮ ನಂತರ ಮಗಳ ಗತಿ?’ ಎಂದು ಬರೆದರೆ ಗುಂಡಿ ಒತ್ತುತ್ತಾರೆ. ನನಗೇ ಒಬ್ಬಳು ಮಗಳಿದ್ದಾಳೆ. ಸಾಲು ಎಲ್ಲಿ ಚುಚ್ಚುತ್ತದೆಂದು ಚೆನ್ನಾಗಿ ಗೊತ್ತು. ವಿಮೆ ಬೇಡದ ವಸ್ತುವೇನಲ್ಲ. ಆದರೆ ಯಾವುದನ್ನು ಮಾರುತ್ತೇವೆ ಎಂಬುದರಷ್ಟೇ ಯಾವುದನ್ನು ಹಿಡಿದು ಎಳೆಯುತ್ತೇವೆ ಎಂಬುದೂ ಮುಖ್ಯ ಎಂದು ಈಗ ಅನ್ನಿಸುತ್ತದೆ.

ಈಗಲೂ ಟಿಟ್ವಾಳಾಕ್ಕೆ ಹೋಗುತ್ತೇನೆ, ಎರಡು ಗ್ರಾಂ ಹಿತ್ತಾಳೆ ಕಟ್ಟುತ್ತೇನೆ. ನೀರಿನ ಮೇಲೆ ಕೆಂಪು ಕಂಡರೆ ಕೋಲು ಕೆಳಗಿಟ್ಟು ಚಹಾ ಕುಡಿಯುತ್ತೇನೆ. ಗೆಳೆಯ ನಗುತ್ತಾನೆ. ಸೋಮವಾರ ಕಚೇರಿಯಲ್ಲಿ ಮಾತ್ರ ಕೋಲು ಕೆಳಗಿಡಲು ಇನ್ನೂ ಕಲಿತಿಲ್ಲ. ಕಳೆದ ವಾರ ಮಗಳ ಹೆಸರೆತ್ತದೆ ಕಂತೆಷ್ಟು, ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದಷ್ಟೇ ಬರೆದು ಕೊಟ್ಟೆ. ತಿದ್ದಿ ಬರೆ ಎಂದು ವಾಪಸು ಬಂದಿದೆ. ಇನ್ನೂ ತಿದ್ದಿಲ್ಲ.